ಹನ್ನೊಂದು ನಿಮಿಷ ಮಾತಾಡಿದ ಹುಡುಗಿ

ಈ ಕಥೆಯನ್ನು ನಮ್ಮ ವಲಯದಲ್ಲಿ ಹೀಗೆ ಹೇಳುತ್ತಾರೆ: ಪುಣೆಯ ಒಂದು ಶಾಲೆಯಲ್ಲಿ ಕಣ್ಣು ಕಾಣದ ಹುಡುಗಿಯೊಬ್ಬಳು ಚರ್ಚಾಸ್ಪರ್ಧೆಯಲ್ಲಿ ಸೋತಳು, ವೇದಿಕೆಯ ಮೇಲೆಯೇ ಬಿಕ್ಕಿ ಬಿಕ್ಕಿ ಅತ್ತಳು, ಆ ಅಳು ಕೇಳಿ ಇಡೀ ಶಾಲೆಯ ಕಣ್ಣು ತೆರೆಯಿತು. ನಾನು ಇದನ್ನು ಮೂರು ಸಭೆಗಳಲ್ಲಿ ಕೇಳಿದ್ದೇನೆ. ಒಂದು ಸಭೆಯಲ್ಲಂತೂ ಹಿನ್ನೆಲೆಗೆ ಕೊಳಲು ಹಾಕಿದ್ದರು.

ನನ್ನ ತಕರಾರಿದೆ. ಅವಳು ಅಳಲಿಲ್ಲ. ನಾನು ಎಂಟು ಅಡಿ ದೂರದಲ್ಲಿ ಕೂತಿದ್ದೆ, ಆಣೆ ಮಾಡಿ ಹೇಳಬಲ್ಲೆ. ಇನ್ನು, ‘ಶಾಲೆಯ ಕಣ್ಣು ತೆರೆಯಿತು’ ಎಂಬ ಮಾತನ್ನು ಕಣ್ಣು ಕಾಣದವಳ ಕಥೆಗೆ ಅಂಟಿಸಲು ಯಾರಿಗೆ ಧೈರ್ಯ ಬಂತೋ ಅವರ ಜೊತೆ ನನಗೆ ಕನಿಷ್ಠ ಅರ್ಧ ಗಂಟೆ ಬೇಕು, ಮಧ್ಯೆ ಯಾರೂ ಬಾಯಿ ಹಾಕಬಾರದು. ಅದೂ ಅಲ್ಲದೆ, ಕಥೆಯಲ್ಲಿ ‘ಕಲ್ಲು ಮನಸ್ಸಿನ ತೀರ್ಪುಗಾರ್ತಿ’ ಎಂದು ಒಬ್ಬಳು ಬರುತ್ತಾಳಲ್ಲ, ಅದು ನಾನು.

ನನ್ನ ಕೆಲಸ ಶಾಲೆಗಳನ್ನು ಅಳೆಯುವುದು. ಅಂಗವಿಕಲ ಮಕ್ಕಳು ಉಳಿದ ಮಕ್ಕಳ ಜೊತೆಗೇ ಕೂತು ಕಲಿಯಬೇಕು ಎನ್ನುವುದು ಸಮನ್ವಯ ಶಿಕ್ಷಣ. ಅದು ಎಷ್ಟು ಆಗಿದೆ, ಹೋದ ವರ್ಷಕ್ಕಿಂತ ಎಷ್ಟು ಮುಂದೆ ಬಂದಿದೆ ಎಂದು ಪಟ್ಟಿ ಹಿಡಿದು ಅಂಕ ಹಾಕುವ ಒಂದು ಸಣ್ಣ ಸಂಸ್ಥೆಯಲ್ಲಿದ್ದೇನೆ. ಕಾಲೇಜಿನಲ್ಲಿ ಐದು ವರ್ಷ ಚರ್ಚಾಸ್ಪರ್ಧೆ ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ಮನೆಯಲ್ಲಿ ಅವ್ವ, “ಈಕೀಗೆ ಅನ್ನ ಹಾಕಿದ್ರ ಅದಕ್ಕೂ ಪ್ರತಿವಾದ ಮಾಡ್ತಾಳ್ರೀ” ಎಂದು ಬಂದವರಿಗೆಲ್ಲ ದೂರು ಹೇಳುತ್ತಿದ್ದಳು. ಅಂಥವಳ ಕೈಗೆ ಅಂಕ ಹಾಕುವ ಕೆಲಸ ಸಿಕ್ಕರೆ ಹೇಗಿರುತ್ತದೆ? ನಾನು ಸ್ವರ್ಗದಲ್ಲಿದ್ದೆ.

ಶಾಲೆ ಇದ್ದದ್ದು ದೇಹೂ ರೋಡಿನ ಕಡೆ. ಅರ್ಧಕ್ಕರ್ಧ ಕನ್ನಡದ ಮಕ್ಕಳು. ಕೆಲವರ ಅಪ್ಪಂದಿರು ಅಂಗಡಿಯವರು, ಗುಮಾಸ್ತರು, ಉಳಿದವರು ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕಟ್ಟಲು, ಕಾರ್ಖಾನೆಯಲ್ಲಿ ದುಡಿಯಲು ಬಂದವರು. ಮೊದಲ ದಿನ ನಾನು ಫೋನು ನೆಲಕ್ಕಿಟ್ಟು ಇಳಿಜಾರಿನ ಕೋನ ಅಳೆಯುತ್ತಿದ್ದೆ. ಗಾಲಿಕುರ್ಚಿಗೆಂದು ಮಾಡಿದ ಇಳಿಜಾರು ಅದು. ಸುತ್ತ ಇಪ್ಪತ್ತು ಮಕ್ಕಳು ಸೇರಿದರು. “ಬೋರ್‌ವೆಲ್ ಹಾಕ್ತಾರಂತ” ಎಂದು ಒಬ್ಬ ಸುದ್ದಿ ಹಬ್ಬಿಸಿದ. ಎಷ್ಟು ಅಡಿಗೆ ನೀರು ಬರುತ್ತದೆ ಎಂದು ನನ್ನನ್ನೇ ಕೇಳಿದರು. ಆ ಶಾಲೆಯಲ್ಲಿ ಗಾಲಿಕುರ್ಚಿಯ ಮಗು ಒಂದೂ ಇರಲಿಲ್ಲ, ಆದರೆ ಕೋನ ಸರಿಯಿತ್ತು, ಪೂರ್ತಿ ಅಂಕ ಕೊಟ್ಟೆ.

ಹೆಡ್ ಮೇಡಂ ಚುರುಕು. ಪಟ್ಟಿಯಲ್ಲಿ ನಲವತ್ತು ಪ್ರಶ್ನೆಗಳಿದ್ದವು, ಮೂವತ್ತಕ್ಕೆ ಕಡತ ಮೊದಲೇ ತೆಗೆದಿಟ್ಟಿದ್ದರು. ‘ಅಂಗವಿಕಲ ವಿದ್ಯಾರ್ಥಿಗಳು ಸಹಪಠ್ಯ ಚಟುವಟಿಕೆಗಳಲ್ಲಿ ಭಾಗವಹಿಸುತ್ತಾರೆಯೇ?’ ಎಂಬಲ್ಲಿಗೆ ಬಂದಾಗ ಮುಖ ಅರಳಿತು.

“ಭಾಗವಹಿಸೂದೇನು, ಬಹುಮಾನ ಹೊಡೀತಾರ್ರಿ. ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿ, ಹುಟ್ಟಾ ಕಣ್ಣಿಲ್ಲ, ಆರನೇತ್ತಿಂದ ಚರ್ಚಾಸ್ಪರ್ಧಾದಾಗ ಒಂದs ನಂಬರ್. ಒಮ್ಮೆನೂ ಸೋತಿಲ್ಲ.”

ಒಮ್ಮೆಯೂ ಸೋಲದ ಚರ್ಚಾಪಟು! ಐದು ವರ್ಷದಲ್ಲಿ ನಾನು ಅಂಥ ಪ್ರಾಣಿಯನ್ನು ನೋಡಿರಲಿಲ್ಲ. ನಾನೇ ಹದಿನೇಳು ಸಲ ಸೋತಿದ್ದೆ, ಪ್ರತಿಯೊಂದರಲ್ಲೂ ತೀರ್ಪುಗಾರರದೇ ತಪ್ಪು. ಅವಳನ್ನು ನೋಡಲೇಬೇಕು ಎಂದೆ.

ಅವಳು ಬೇವಿನ ಮರದ ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಅವಳ ಬೆಂಚಿನ ಗೆಳತಿ. ಇಬ್ಬರೂ ಒಂದೇ ಹುಣಸೆಹಣ್ಣಿನ ಉಂಡೆಯನ್ನು ಸರದಿಯಲ್ಲಿ ನೆಕ್ಕುತ್ತಿದ್ದರು. ಹೀಗೆ ಹೀಗೆ, ನಾನು ಅಳೆಯಲು ಬಂದವಳು ಎಂದು ಹೇಳಿಕೊಂಡೆ.

“ಏನೇನು ಅಳೀತೀರಿ ಅಕ್ಕಾ?”

ಇಳಿಜಾರು, ಶೌಚಾಲಯ, ಬ್ರೈಲ್ ಪುಸ್ತಕ, ಸ್ಪರ್ಧೆ, ಬಹುಮಾನ ಎಂದೆ.

“ಗಂಟೀ?”

“ಯಾವ ಗಂಟೆ?”

“ಹೇಳಲೇನ?” ಎಂದು ಅವಳು ಗೆಳತಿಯ ಕಡೆ ತಿರುಗಿದಳು. ಗೆಳತಿ, “ಹೇಳು, ನನ್ನ ಜೀವ ತಿಂದೀ ಅದರ ಮ್ಯಾಲೆ” ಎಂದಳು.

ಅವಳು ಹೇಳಿದಳು. ಚರ್ಚೆಯಲ್ಲಿ ಪ್ರತಿಯೊಬ್ಬರಿಗೂ ನಾಲ್ಕು ನಿಮಿಷ. ಮೂರಕ್ಕೆ ಒಂದು ಗಂಟೆ, ನಾಲ್ಕಕ್ಕೆ ಎರಡು. ಆಮೇಲೆಯೂ ಮಾತಾಡಿದರೆ ಅಂಕ ಕಡಿತ. ಇದು ಎಲ್ಲೆಡೆಯ ಪದ್ಧತಿ. “ಎಲ್ಲಾರಿಗೂ ಬಾರಸ್ತಾರ. ನನಗ ಬಾರಸೂದಿಲ್ರಿ. ಹೋದ ವರ್ಷ ವಿಷಯ ಏನಿತ್ತಪ್ಪಾ ಅಂದ್ರ, ಸಾಲ್ಯಾಗ ಮೊಬೈಲ್ ಬೇಕು. ನಾ ಪರ. ಹೇಳೂದೆಲ್ಲಾ ಹೇಳಿ ಮುಗಿಸಿದೆ. ಗಂಟೀ ಇಲ್ಲ. ಗಂಟೀ ಆಗದ ಹೆಂಗ ಕುಂಡ್ರೂದು? ಅದಕ್ಕ ಉದಾಹರಣೆ ಕೊಟ್ಟೆ. ಇಲ್ಲ. ನಮ್ಮ ಕಾಕಾನ ಮೊಬೈಲ್ ಕಳದದ್ದು ಹೇಳಿದೆ. ಇಲ್ಲ. ಕಡೀಕ ವಿಷಯನs ಉಳೀಲಿಲ್ಲ, ವಿರೋಧ ಸುರು ಮಾಡಿದೆ!”

“ಹನ್ನೊಂದು ನಿಮಿಷ,” ಎಂದಳು ಗೆಳತಿ. “ನಾ ವಿರೋಧದಾಕಿ. ನನ್ನ ಪಾಯಿಂಟ್ ಎಲ್ಲಾ ಈಕೀನs ಹೇಳಿಬಿಟ್ಲು. ನಾ ಹೋಗಿ ಏನು ಹೇಳಲಿ, ನಮಸ್ಕಾರ ಅಂದು ಬಂದೆ.”

“ಫಸ್ಟ್ ಪ್ರೈಜ್ ಯಾರಿಗ್ ಬಂತು ಕೇಳ್ರಿ,” ಎಂದು ಇವಳು ಹೊಟ್ಟೆ ಹಿಡಿದುಕೊಂಡಳು. “ಎರಡೂ ಕಡೆ ಮಾತಾಡಿದಾಕೀಗೆ!”

ನಾನು ಕಟ್ಟೆಯಿಂದ ಬೀಳುವಷ್ಟು ನಕ್ಕೆ. ಮೂವರೂ ನಕ್ಕೆವು. ಆಮೇಲೆ ಅವಳು ನಗು ನಿಲ್ಲಿಸಿ ಹೇಳಿದ ಮಾತಿಗಾಗಿಯೇ ಮುಂದಿನದೆಲ್ಲ ನಡೆಯಿತು.

ಚಾಕಣದ ಕಾರ್ಖಾನೆಗಳಲ್ಲಿ ದುಡಿಯುವ ಕನ್ನಡದವರು ಸೇರಿ ಶಾಲೆಗಳ ನಡುವೆ ಚರ್ಚಾಸ್ಪರ್ಧೆ ಇಟ್ಟಿದ್ದರು. ಶಾಲೆಗೆ ಇಬ್ಬರು. ಅವಳ ಅಪ್ಪ ಅಲ್ಲೇ ಕಾರಿನ ಬಿಡಿಭಾಗ ಮಾಡುವ ಕಡೆ ಇದ್ದಾನೆ, ಅವನ ಪಾಳಿಯವರೆಲ್ಲ ಕೇಳಲು ಬರುತ್ತಾರೆ. ಇವಳು ಮಾತಾಡುವುದನ್ನು ಅಪ್ಪ ಈವರೆಗೆ ಕೇಳಿಲ್ಲ. ಹೆಡ್ ಮೇಡಂ ಇವಳ ಹೆಸರನ್ನು ಆಯ್ಕೆಯೇ ಇಲ್ಲದೆ ಬರೆದಾಗಿದೆ.

“ಅಲ್ಲಿ ಗಂಟೀ ಬಾರಸ್ತಾರ್ರಿ ಅಕ್ಕಾ. ನಾ ಖರೇನ ಚಲೋ ಮಾತಾಡ್ತೀನೋ ಇಲ್ಲೋ ನನಗs ಗೊತ್ತಿಲ್ಲ. ಗೊತ್ತಾಗೂ ಹಂಗs ಇಲ್ಲ. ಅಪ್ಪನ ಮುಂದ ಗೊತ್ತಾಗೂದು ಬ್ಯಾಡ. ಇಲ್ಲೇ ಆಯ್ಕೆ ಆಗ್ಲಿ, ಗಂಟೀ ಇಟ್ಟು. ಗೆದ್ರ ಹೋಗ್ತೀನಿ. ಇಲ್ಲಾಂದ್ರ ಮನ್ಯಾಗ ಕುಂಡರ್ತೀನಿ.”

ನಾನು ನೆಟ್ಟಗೆ ಹೆಡ್ ಮೇಡಂ ಕೋಣೆಗೆ ನುಗ್ಗಿದೆ. ವಾದ ಮಂಡಿಸಿದೆ. ಎಲ್ಲರಿಗೂ ಬಾರಿಸುವ ಗಂಟೆಯನ್ನು ಒಬ್ಬಳಿಗೆ ಬಾರಿಸದಿದ್ದರೆ ಅವಳು ಶಾಲೆಯ ಒಳಗಿದ್ದಾಳೆಯೋ ಹೊರಗಿದ್ದಾಳೆಯೋ? ಅವರು ಚಹಾ ತರಿಸಿದರು. ನನ್ನ ಮಾತೆಲ್ಲ ಕೇಳಿ, “ಆತು, ಆಯ್ಕೆ ಮಾಡೂಣು. ತೀರ್ಪು ನೀವs ಕೊಡ್ರಿ” ಎಂದರು. ಆಮೇಲೆ ನನ್ನ ಟ್ಯಾಬಿನ ಮೇಲೆ ಬೆರಳಿಟ್ಟು ಒಂದು ಪ್ರಶ್ನೆ ತೋರಿಸಿದರು: ಅಂಗವಿಕಲ ವಿದ್ಯಾರ್ಥಿಗಳು ಹೊರಗಿನ ಸ್ಪರ್ಧೆಗಳಲ್ಲಿ ಶಾಲೆಯನ್ನು ಪ್ರತಿನಿಧಿಸಿದ್ದಾರೆಯೇ? “ಆಕಿ ಸೋತ್ರ ಇಲ್ಲಿ ‘ಇಲ್ಲ’ ಅಂತ ನೀವs ಬರೀಬೇಕಾಗ್ತದ. ನಮ್ಮ ಅಂಕ ನೀವs ಇಳಸ್ತೀರಿ. ನೋಡ್ರಿ ಮತ್ತ.”

ಎದುರಾಳಿ ಅಂದರೆ ಹೀಗಿರಬೇಕು. ನನಗೆ ಅವರ ಮೇಲೆ ಪ್ರೀತಿಯೇ ಹುಟ್ಟಿತು. “ಬರೀತೀನ್ರಿ” ಎಂದೆ, ಚಹಾ ಕುಡಿದೆ.

ಇನ್ನುಳಿದದ್ದು ಗಂಟೆಯವರು. ಗಂಟೆ ಇದ್ದದ್ದು ಪಿ.ಟಿ. ಸರ್ ಕೈಯಲ್ಲಿ. ಭೋರ್ ಕಡೆಯ ಮರಾಠಿ ಮನುಷ್ಯ, ಬಾಗಿಲಿನಷ್ಟು ಅಗಲ, ಕನ್ನಡ ಮಕ್ಕಳ ಜೊತೆ ಇದ್ದೂ ಇದ್ದೂ ಕನ್ನಡ ಕಲಿತವರು. ಸೀಟಿ ಊದಿದರೆ ರಸ್ತೆಯಾಚೆಯ ರಿಕ್ಷಾಗಳು ನಿಲ್ಲುತ್ತಿದ್ದವು. ಅವಳಿಗೇಕೆ ಗಂಟೆ ಬಾರಿಸುವುದಿಲ್ಲ ಎಂದು ಕೇಳಿದರೆ ಆ ಪರ್ವತ ನೆಲ ನೋಡಿತು. “ಹಾತಚ್ ಉಠತ್ ನಾಹೀ ಹೋ. ಕೈಯೇ ಏಳೂದಿಲ್ಲ, ಏನು ಮಾಡ್ಲಿ?”

ಸರಿ, ಕೈಗೆ ತಾಲೀಮು ಕೊಡೋಣ ಎಂದು ಆಟದ ಸಾಮಾನಿನ ಕೋಣೆಯಲ್ಲಿ ಸೇರಿದೆವು. ಚೆಂಡು, ಹಗ್ಗ, ಲೇಜಿಮ್‌ಗಳ ನಡುವೆ ಹುಡುಗಿ ನಿಂತಳು. ಗೆಳತಿ ಗಡಿಯಾರ ಹಿಡಿದಳು. ಸರ್ ಗಂಟೆ ಮುಂದಿಟ್ಟುಕೊಂಡು ಕೂತರು. ಮೊದಲ ದಿನ ನೀರಿನ ಉಳಿತಾಯದ ಮೇಲೆ ಮಾತು. ಮೂರು ನಿಮಿಷ ಆಯಿತು. ಗೆಳತಿ “ಸರ್!” ಎಂದಳು. ಸರ್ ಕೈ ಎತ್ತಿದರು, ಅವಳ ಮುಖ ನೋಡಿದರು, ಕೈ ಇಳಿಸಿ ಕಣ್ಣೊರೆಸಿಕೊಂಡರು. ಎರಡನೆಯ ದಿನ ಅವರನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿದೆವು. ದನಿ ಕೇಳಿದರೂ ಅಳು ಬರುತ್ತದೆ ಎಂದರು. ಕಿವಿಯಲ್ಲಿ ಹತ್ತಿ ಇಟ್ಟೆವು. ಆಗ “ಸರ್!” ಎಂದದ್ದೂ ಕೇಳಲಿಲ್ಲ.

ಮೂರನೆಯ ದಿನ ಹುಡುಗಿ, “ಇವತ್ತು ವಿಷಯ ನಾ ಆರಸ್ತೀನಿ” ಎಂದಳು. ಗಂಟಲು ಸರಿಮಾಡಿಕೊಂಡಳು. “ಮಾನ್ಯ ಅಧ್ಯಕ್ಷರೇ, ಪಿ.ಟಿ. ಪಿರಿಯಡ್ ರದ್ದಾಗಬೇಕು ಎಂಬ ವಿಷಯದ ಪರವಾಗಿ ನಾನು ಮಾತಾಡುತ್ತೇನೆ.”

ಸರ್ ಬೆನ್ನು ನೆಟ್ಟಗಾಯಿತು.

“ಮೂರು ವರ್ಷ ಪಿ.ಟಿ. ಪಿರಿಯಡ್ಡಿನಾಗ ನಾ ಏನು ಮಾಡೀನಿ ಗೊತ್ತದ ಏನು ಸಭಿಕರೇ? ಬೇವಿನ ಮರದ ಕೆಳಗ ಕುಂತು ಎಲ್ಲಾರ ಚಪ್ಪಲ್ ಕಾದೀನಿ! ಸಪ್ಪಳದ ಮ್ಯಾಲೆ ಇದು ಯಾರ ಚಪ್ಪಲ್ ಅಂತ ಹೇಳ್ತೀನಿ. ಇದಕ್ಕ ವ್ಯಾಯಾಮ ಅಂತಾರೋ, ಚಪ್ಪಲ್ ಸ್ಟ್ಯಾಂಡ್ ಅಂತಾರೋ? ಇನ್ನ ಸರ್ ಅವರು! ಓಡ್ರಿ ಓಡ್ರಿ ಅಂತ ಸೀಟಿ ಊದತಾರ, ತಾವು ಒಮ್ಮೆ ಓಡಿದ್ದು ಯಾರರ ಕೇಳೀರಿ? ನಾ ಅಂತೂ ಕೇಳಿಲ್ಲ, ನನ್ನ ಕಿವಿ ಭಾಳ ಚುರುಕು ಅವ. ಅವರು ಮೆಟ್ಟಲಾ ಹತ್ತಿದ್ರ ಮ್ಯಾಲಿನ ಕ್ಲಾಸಿನ ತನಕ ಉಸಿರು ಕೇಳ್ತದ...”

ಮೂರು ನಿಮಿಷವಾದದ್ದು ಯಾರಿಗೂ ನೆನಪಿಲ್ಲ, ಗೆಳತಿ ಗಡಿಯಾರ ಬಿಟ್ಟು ಬಾಯಿಗೆ ದುಪಟ್ಟಾ ತುರುಕಿಕೊಂಡಿದ್ದಳು. ಸರ್ ಮುಖ ಇಟ್ಟಿಗೆಯಂತಾಯಿತು. “ಬಸ್!” ಎಂದು ಎದ್ದವರೇ ಗಂಟೆಯನ್ನು ಆರು ಸಲ ಬಾರಿಸಿದರು. “ಪುರೇ! ಸಾಕು! ಕೂಡು!”

“ಬಾರಿಸಿದ್ರು!” ಎಂದು ಹುಡುಗಿ ಚೀರಿದಳು. “ಬಾರಿಸಿದ್ರೇ! ಸರ್, ಇನ್ನೊಮ್ಮೆ, ಸರ್!” ಕುಣಿದಾಡಿ ಚೆಂಡಿನ ಬುಟ್ಟಿ ಬೀಳಿಸಿದಳು. ಚೆಂಡುಗಳ ನಡುವೆ ನಾಲ್ವರೂ ಹುಚ್ಚರಂತೆ ನಗುತ್ತಿದ್ದೆವು. ಸರ್ ಕೂಡ. ನಗುವಿನ ಮಧ್ಯೆಯೇ ಅವರು, “ಚಪ್ಪಲ್... ಮೂರು ವರ್ಷ ಝಾಲೀ ಕಾ, ಆತೇನು?” ಎಂದು ತಮಗೆ ತಾವೇ ಕೇಳಿಕೊಂಡದ್ದು ನನ್ನ ಕಿವಿಗೆ ಬಿತ್ತು. ಮುಂದಿನ ವಾರ ಅವಳು ಹಗ್ಗಜಗ್ಗಾಟದಲ್ಲಿದ್ದಳು, ಹಗ್ಗದ ತುದಿಗೆ. ಕಾಯುವವರಿಲ್ಲದೆ ಆ ದಿನ ಆರು ಜೊತೆ ಚಪ್ಪಲಿ ಅದಲುಬದಲಾದವು. ನನ್ನ ನಲವತ್ತು ಪ್ರಶ್ನೆಗಳಲ್ಲಿ ‘ಚಪ್ಪಲಿ ಕಾಯುವವರು ಯಾರು?’ ಎಂಬುದೊಂದಿರಲಿಲ್ಲ.

ಆಯ್ಕೆಯ ದಿನ ಬಂತು. ನಿಯಮಗಳನ್ನು ನಾನೇ ಓದಿದೆ, ತುಸು ಜೋರಾಗಿಯೇ: ಕೊನೆಯ ಗಂಟೆಯ ನಂತರ ಪೂರ್ತಿ ಹತ್ತು ಸೆಕೆಂಡಿಗೊಮ್ಮೆ ಅರ್ಧ ಅಂಕ ಕಡಿತ, ಎಲ್ಲರಿಗೂ. ‘ಎಲ್ಲರಿಗೂ’ ಎಂಬುದನ್ನು ಎರಡು ಸಲ ಓದಿದೆ. ಸೆಕೆಂಡುಗಳನ್ನು ಸರ್ ತಮ್ಮ ವಹಿಯಲ್ಲಿ ಬರೆದುಕೊಳ್ಳುವುದು, ಪ್ರತಿ ಭಾಷಣ ಮುಗಿದಾಗ ಚೀಟಿ ನನಗೆ ಕಳಿಸುವುದು. ಹತ್ತನೆಯ ತರಗತಿಯ ಹುಡುಗನೊಬ್ಬ ಎಲ್ಲರನ್ನೂ ಗುಡಿಸಿಹಾಕುವಂತೆ ಮಾತಾಡಿದ, ಅವನ ಬಗ್ಗೆ ಅನುಮಾನವೇ ಇರಲಿಲ್ಲ. ಉಳಿದದ್ದು ಒಂದು ಜಾಗ. ಬೆಂಚಿನ ಗೆಳತಿ ಚೆನ್ನಾಗಿ ಮಾತಾಡಿದಳು, ಗಂಟೆ ದಾಟಿದಳು. ಆಮೇಲೆ ಇವಳು.

ಮೂರನೆಯ ನಿಮಿಷಕ್ಕೆ ಗಂಟೆ ಬಿತ್ತು. ಇಡೀ ಸಭಾಂಗಣ ಉಸಿರೆಳೆದುಕೊಂಡಿತು. ಹಿಂದಿನ ಸಾಲಿನಿಂದ ಯಾರೋ “ಅರೇ ಬಾಪ್ರೇ” ಎಂದರು. ಹುಡುಗಿಯಾದರೋ ವಾಕ್ಯದ ನಡುವೆಯೇ ನಿಂತುಬಿಟ್ಟಳು. ನಗು ಕಿವಿಯಿಂದ ಕಿವಿಗೆ. ಹಬ್ಬದ ಊಟಕ್ಕೆ ಕೂತವರ ಹಾಗೆ ಆ ಸದ್ದನ್ನು ಸವಿಯುತ್ತಾ ನಿಂತಳು. ನಾನು ಮನಸ್ಸಿನಲ್ಲೇ ‘ಮಾತಾಡೇ, ಮಾತಾಡು’ ಎಂದು ಒದ್ದಾಡಿದೆ. ಮತ್ತೆ ಎಳೆ ಹಿಡಿದು ಹೊರಟಳು, ಅಬ್ಬ ಏನು ಓಟ! ಎದುರಾಳಿಯ ಮೂರು ವಾದಗಳನ್ನು ಒಂದೇ ಉಸಿರಿನಲ್ಲಿ ಮುರಿದಳು. ಕೊನೆಯ ಗಂಟೆಗಳು ಬಿದ್ದಾಗ ಸಮಾರೋಪ ಬಾಕಿ ಇತ್ತು. ಬಿಡಲಿಲ್ಲ, ಮುಗಿಸಿಯೇ ಕೂತಳು. ಚೀಟಿ ಬಂತು, ಕಡಿತ ಹಾಕಿದೆ, ಕೂಡಿಸಿದೆ. ಕರುಣೆ ತೋರಿಸದೆ ಪೆನ್ನು ಒತ್ತಿ ಬರೆದೆ, ಅದರ ಬಗ್ಗೆ ನನಗೆ ಆ ಗಳಿಗೆಯಲ್ಲಿ ಬಹಳ ಹೆಮ್ಮೆಯಿತ್ತು.

ಅವಳು ಮೂರನೆಯವಳಾದಳು. ಗೆಳತಿಗಿಂತ ಅರ್ಧ ಅಂಕ ಕಡಿಮೆ.

ನಾನು ಹೆಸರುಗಳನ್ನು ಓದಿದೆ. ಆಗ ವೇದಿಕೆಯ ಮೇಲೆ ಅವಳು ನಗಲು ಶುರುಮಾಡಿದಳು. “ಸೋತೆ!” ಎಂದು ಗೆಳತಿಯ ತೋಳು ಹಿಡಿದು ಅಲ್ಲಾಡಿಸಿದಳು, “ಏ, ಖರೇನs ಸೋತೆ!” ನಕ್ಕೂ ನಕ್ಕೂ ಬಿಕ್ಕಳಿಕೆ ಹತ್ತಿತು. ಬಿಕ್ಕಳಿಕೆ ನಿಲ್ಲಲೆಂದು ಮುಖ ಮುಚ್ಚಿಕೊಂಡು ಬಗ್ಗಿದಳು. ಭುಜ ಕುಲುಕುತ್ತಿತ್ತು. ಕೆಳಗಿನಿಂದ ನೋಡಿದವರಿಗೆ ಅದು ಏನಾಗಿ ಕಂಡಿರಬೇಕು ಯೋಚಿಸಿ. ಹೆಡ್ ಮೇಡಂ ಓಡಿಬಂದು ಅವಳನ್ನು ಎದೆಗವಚಿಕೊಂಡರು, ಮುಂದಿನ ಸಾಲಿನ ತಾಯಂದಿರು ಸೆರಗು ಕಣ್ಣಿಗೊತ್ತಿದರು, ಯಾರೋ ವಿಡಿಯೊ ಮಾಡಿದರು. ಕೊಳಲಿನ ಕಥೆ ಹುಟ್ಟಿದ್ದು ಅಲ್ಲಿ.

ಮೇಡಂ ಮೈಕು ತೆಗೆದುಕೊಂಡು, ಅವಳಿಗೆ ವಿಶೇಷ ಬಹುಮಾನ, ತಂಡದಲ್ಲಿ ವಿಶೇಷ ಮೂರನೆಯ ಜಾಗ ಎಂದು ಘೋಷಿಸಿದರು. ಚಪ್ಪಾಳೆಯೋ ಚಪ್ಪಾಳೆ. ಅದು ಇಳಿದ ಮೇಲೆ ಹುಡುಗಿ ಬಿಕ್ಕಳಿಕೆಯ ನಡುವೆಯೇ, “ಬ್ಯಾಡ್ರಿ ಮೇಡಂ. ಇಬ್ಬರs... ಹಿಕ್... ಹೋಗ್ತಾರ” ಎಂದಳು. ಗೆಳತಿ, “ಈಕೀನ ಕರಕೊಂಡು ಹೋದ್ರ ಅಲ್ಲೂ ನನ್ನ ಪಾಯಿಂಟ್ ಹೇಳಿಬಿಡ್ತಾಳ್ರೀ” ಎಂದು ಮೈಕಿನಲ್ಲೇ ಹೇಳಿದಳು. ಪಿ.ಟಿ. ಸರ್ ಒಬ್ಬರೇ ಹೋ ಎಂದು ನಕ್ಕರು.

ನಾನು ಟ್ಯಾಬಿನಲ್ಲಿ ‘ಇಲ್ಲ’ ಒತ್ತಿದೆ. ಹಸಿರು ಬಣ್ಣದಲ್ಲಿದ್ದ ಶಾಲೆ ಹಳದಿಗಿಳಿಯಿತು. ಪ್ರಗತಿ ಅಂದರೆ ಇದು: ಗಂಟೆ ಬಾರಿಸದಿದ್ದರೆ ಹಸಿರು, ಬಾರಿಸಿದರೆ ಹಳದಿ. ಕಚೇರಿಯಲ್ಲಿ ಈ ಪಟ್ಟಿ ಮಾಡಿದ ನಮ್ಮ ಮೇಲಿನವರ ಜೊತೆ ಎರಡು ಗಂಟೆ ಜಗಳವಾಡಿದೆ. ಅವರು ಬೆಂಗಳೂರಿನವರು, ತಾಳ್ಮೆಯ ಮನುಷ್ಯ. “ನೋಡಮ್ಮ, ನಿನ್ನ ಪಾಯಿಂಟ್ ಒಪ್ಕೋತೀನಿ. ಆದ್ರೆ ಗಂಟೇನ ಇಂಡಿಕೇಟರ್ ಮಾಡೋಕಾಗಲ್ಲ. ಎಲ್ಲಾ ಸ್ಕೂಲಲ್ಲೂ ಒಂದೇ ಥರ ಅಳೆಯೋಕಾಗ್ಬೇಕು, ಅಳೆಯೋರು ಯಾರೇ ಆದ್ರೂ ಅದೇ ಉತ್ತರ ಬರ್ಬೇಕು” ಎಂದರು. ಅಳೆಯುವವರು ನೆಟ್ಟಗಿದ್ದರೆ ಬಂದೇ ಬರುತ್ತದೆ ಎಂದು ಟೇಬಲ್ ಗುದ್ದಿ ಬಂದೆ.

ಚಾಕಣದ ಸ್ಪರ್ಧೆಗೆ ಇನ್ನೂ ನಾಲ್ಕು ದಿನವಿತ್ತು. ನಾನು ಆ ಜಗಳದ ಉಮೇದಿನಲ್ಲೇ ಶಾಲೆಗೆ ಹೋದೆ. ಆಟದ ಕೋಣೆಯಲ್ಲಿ ಹುಡುಗಿ ಗೆಳತಿಗೆ ತಾಲೀಮು ಕೊಡಿಸುತ್ತಿದ್ದಳು, ಸರ್ ಗಂಟೆಯ ಜೊತೆ ಇದ್ದರು. ಈಗ ಅವರ ಕೈ ಎಷ್ಟು ಸಲೀಸಾಗಿತ್ತೆಂದರೆ ಎರಡೂವರೆ ನಿಮಿಷಕ್ಕೇ ಏಳುತ್ತಿತ್ತು.

“ಅಕ್ಕಾ, ಅಂಕದ ಹಾಳಿ ತಂದೀರೇನು?” ಎಂದಳು ಹುಡುಗಿ. “ಓದ್ರಿ. ಜೀವನದಾಗ ಪೈಲಾ ಖರೇ ಅಂಕ, ಕೇಳಬೇಕು ನನಗ. ಅಪ್ಪನೂ ಕೇಳ್ಯಾನ, ಎದರಾಗ ಕಡಿಮಿ ಬಿತ್ತವ್ವಾ ಅಂತ.”

ಓದಿದೆ. ವಿಷಯ, ಭಾಷೆ, ಪ್ರತಿವಾದ. ಪ್ರತಿವಾದದಲ್ಲಿ ಎಲ್ಲರಿಗಿಂತ ಹೆಚ್ಚು ಅವಳಿಗೇ. ಅವಳು ಗೆಳತಿಯ ಬೆನ್ನಿಗೆ ಗುದ್ದಿದಳು. ಒಟ್ಟು ಇಬ್ಬರದೂ ಹತ್ತಿರ ಹತ್ತಿರ. ಕೊನೆಗೆ ಸಮಯದ ಕಡಿತ: ಗೆಳತಿಗೆ ಅರ್ಧ, ಅವಳಿಗೆ ಒಂದೂವರೆ. ಅವಳು ಹಿಂದೆ ಬಿದ್ದದ್ದು ಬರೀ ಅರ್ಧ ಅಂಕಕ್ಕೆ.

“ಸರ್, ನಂದು ಎಷ್ಟು ಸೆಕೆಂಡ್ ಆಗಿತ್ರಿ?”

ಸರ್ ವಹಿ ತಿರುವಿ, “ಇಪ್ಪತ್ತೆಂಟು” ಎಂದರು.

“ಈಕೀದು?”

“ಹತ್ತೊಂಬತ್ತು.”

ಅವಳು ಬೆರಳು ಮಡಚಿ ಏನೋ ಎಣಿಸಿದಳು. ಗೆಳತಿ ನಗು ನಿಲ್ಲಿಸಿ ನನ್ನ ಕೈಯಲ್ಲಿದ್ದ ಹಾಳೆಯ ಕಡೆ ಬಗ್ಗಿದಳು. ನಾನೂ ಬಗ್ಗಿದೆ. ನನ್ನದೇ ಅಕ್ಷರ, ದುಂಡಗೆ, ಗಟ್ಟಿಯಾಗಿ ಒತ್ತಿ ಬರೆದದ್ದು.

ಹುಡುಗಿ ಮುಖವನ್ನು ನನ್ನ ದನಿ ಬಂದ ಕಡೆಗೆ ತಿರುಗಿಸಿದಳು. ಸಿಟ್ಟೇನೂ ಇರಲಿಲ್ಲ, ಪ್ರತಿವಾದಕ್ಕೆ ನಿಂತಾಗಿನ ಅದೇ ಹುರುಪು.

“ಪೂರ್ತಿ ಹತ್ತು ಸೆಕೆಂಡಿಗೆ ಅರ್ಧ ಅಂದಿದ್ರಿ, ಎರಡು ಸಲ ಓದಿದ್ರಿ. ಈಕೀ ಹತ್ತೊಂಬತ್ತರಾಗ ಒಂದs ಹತ್ತು ಹಿಡದೀರಿ, ಬರೋಬ್ಬರಿ. ನನ್ನ ಇಪ್ಪತ್ತೆಂಟರಾಗ ಮೂರು ಹತ್ತು ಹೆಂಗ ಬಂದ್ವು ಅಕ್ಕಾ?”